ಪರದೆಯ ಕನ್ನಡವೂ ಬಳಕೆದಾರರ ಅನುಭವಶಾಸ್ತ್ರವೂ

೧

ಶಿಲೆ, ತಾಮ್ರಪಟ, ಓಲೆಗರಿ, ಕಡತ, ಅಚ್ಚಿನ ಹಾಳೆ ಎಂಬ ಆಶ್ರಯಗಳಲ್ಲಿ ಬಾಳಿಬಂದ ಕನ್ನಡ ಬರಹಕ್ಕೆ ಈಗ ಗಾಜಿನ ಪರದೆಯೂ ಒಂದು ಆಶ್ರಯವಾಗಿದೆ. ಕಂಪ್ಯೂಟರು, ಮೊಬೈಲು, ಬ್ಯಾಂಕಿನ ಹಣಯಂತ್ರ ಮೊದಲಾದವುಗಳ ಪರದೆಯಲ್ಲಿ ಎರಡು ಮೂರು ಪದಗಳ ಸಣ್ಣ ವಾಕ್ಯಗಳು ಕಾಣಿಸಿಕೊಳ್ಳುತ್ತವೆ. ‘ಮುಂದುವರಿಸಿ’, ‘ರದ್ದುಮಾಡಿ’, ‘ಅಳಿಸಬೇಕೇ?’ ಎಂಬಂಥ ಈ ವಾಕ್ಯಗಳನ್ನು ಯಾವ ವಿಮರ್ಶಕನೂ ಸಾಹಿತ್ಯವೆಂದು ಎಣಿಸಿಲ್ಲ. ಎಣಿಸಬೇಕೆಂದು ಇಲ್ಲಿಯ ವಾದವೂ ಅಲ್ಲ. ಆದರೂ ಪುಸ್ತಕವನ್ನು ತಿಂಗಳಿಗೊಮ್ಮೆಯೂ ಕೈಯಲ್ಲಿ ಹಿಡಿಯದ ಜನರು ಈ ವಾಕ್ಯಗಳನ್ನು ದಿನವೂ ಓದುತ್ತಾರೆ. ಓದುವುದು ಮಾತ್ರವಲ್ಲ, ಓದಿ ಅದರಂತೆ ನಡೆಯುತ್ತಾರೆ. ಪದ್ಯದ ಅರ್ಥವನ್ನು ತಪ್ಪಾಗಿ ತಿಳಿದವನಿಗೆ ರಸಭಂಗವಾಗುವುದು. ಈ ವಾಕ್ಯದ ಅರ್ಥವನ್ನು ತಪ್ಪಾಗಿ ತಿಳಿದವನಿಗೆ ಹಣವೋ, ಪತ್ರವೋ, ಅರ್ಜಿಯೋ ಕೈತಪ್ಪಿಹೋಗುವುದು. ಪಹಣಿಯು ಭೂಮಿ ಯೋಜನೆಯಿಂದ ೨೦೦೦ದ ಸುಮಾರಿಗೆ ಕಂಪ್ಯೂಟರಿಗೆ ಏರಿತು. ಮೊಬೈಲಿನಿಂದ ಹಣ ಕಳುಹಿಸುವ ಯುಪಿಐ ಪದ್ಧತಿಯು ೨೦೧೬ರಲ್ಲಿ ಆರಂಭವಾಯಿತು. ಜೀವನದ ಇಂಥ ವ್ಯವಹಾರಗಳನ್ನು ನಡೆಸಿಕೊಡುವ ಭಾಷೆಯು ಹೇಗಿದೆ ಎಂದು ವಿಚಾರಿಸುವುದು ಭಾಷಾಶಾಸ್ತ್ರದ ಪರಿಚಯವುಳ್ಳವರಿಗೆ ಅನುಚಿತವಾದ ಕೆಲಸವಲ್ಲ.

ಈ ಪರದೆಗಳನ್ನು ಕಟ್ಟುವುದಕ್ಕೆ ಒಂದು ಶಾಸ್ತ್ರವುಂಟು. ಅದಕ್ಕೆ ಇಂಗ್ಲಿಷಿನಲ್ಲಿ ‘ಯೂಸರ್ ಎಕ್ಸ್‌ಪೀರಿಯೆನ್ಸ್’ ಎಂದೂ ಕನ್ನಡದಲ್ಲಿ ‘ಬಳಕೆದಾರರ ಅನುಭವ’ ಎಂದೂ ಹೆಸರು. ಯಂತ್ರವನ್ನು ಬಳಸುವವನು ಏನನ್ನು ನೋಡುತ್ತಾನೆ, ಏನನ್ನು ಊಹಿಸುತ್ತಾನೆ, ಎಲ್ಲಿ ತಡವರಿಸುತ್ತಾನೆ ಎಂಬುದನ್ನು ಪರೀಕ್ಷೆಯಿಂದ ಕಂಡುಕೊಂಡು, ಅದಕ್ಕೆ ತಕ್ಕಂತೆ ಪರದೆಯನ್ನು ತಿದ್ದುವುದೇ ಈ ಶಾಸ್ತ್ರದ ಉದ್ದೇಶ. ಇದರ ತತ್ತ್ವಗಳು ಬಹುಮಟ್ಟಿಗೆ ಒಪ್ಪತಕ್ಕವು. ಆದರೆ ಅವುಗಳ ಅನ್ವಯವು ಇಂಗ್ಲಿಷಿನ ಪರದೆಯ ಬಳಿಯೇ ನಿಂತು, ಕನ್ನಡವು ಕೊನೆಯಲ್ಲಿ ಹೊದಿಸುವ ಬಟ್ಟೆಯಾಗಿ ಉಳಿದಿದೆ. ಕನ್ನಡದ ವ್ಯಾಕರಣವು ಬಟ್ಟೆಯಂತೆ ಹೊದಿಸತಕ್ಕ ವಸ್ತುವಲ್ಲ. ಪರದೆಯ ಮೇಲೆ ಮಾತನಾಡುತ್ತಿರುವವರು ಯಾರು, ಕೇಳುತ್ತಿರುವವರು ಯಾರು ಎಂಬುದನ್ನು ಮೊದಲೇ ತಿಳಿಸದಿದ್ದರೆ ಅದು ಒಂದು ಕ್ರಿಯಾಪದವನ್ನೂ ಸರಿಯಾಗಿ ಒದಗಿಸಲಾರದು. ಈ ಲೇಖನದ ವಿಷಯವಿಷ್ಟೆ.

೨

ಶಾಸ್ತ್ರದ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ‘ಯೂಸರ್ ಎಕ್ಸ್‌ಪೀರಿಯೆನ್ಸ್’ ಎಂಬ ಹೆಸರನ್ನು ೧೯೯೦ರ ದಶಕದ ಆರಂಭದಲ್ಲಿ ಆಪಲ್ ಸಂಸ್ಥೆಯಲ್ಲಿದ್ದಾಗ ಬಳಕೆಗೆ ತಂದವರು ಡೊನಾಲ್ಡ್ ನಾರ್ಮನ್. ಅವರು ೧೯೮೮ರಲ್ಲಿ ಪ್ರಕಟಿಸಿ ೨೦೧೩ರಲ್ಲಿ ಪರಿಷ್ಕರಿಸಿದ, ನಿತ್ಯಬಳಕೆಯ ವಸ್ತುಗಳ ವಿನ್ಯಾಸವನ್ನು ಕುರಿತ ಗ್ರಂಥವು ಈ ಶಾಸ್ತ್ರದ ಪ್ರವೇಶದ್ವಾರವೆನಿಸಿದೆ. ಅದರಲ್ಲಿ ಬರುವ ಪ್ರಸಿದ್ಧವಾದ ಉದಾಹರಣೆಯೂ ಒಂದು ಬಾಗಿಲೇ: ತಳ್ಳಬೇಕೋ ಎಳೆಯಬೇಕೋ ತಿಳಿಯದ ಬಾಗಿಲು. ಅಂಥ ಬಾಗಿಲಿನ ಮುಂದೆ ನಿಂತು ತಡಕಾಡುವವನು ತನ್ನ ದಡ್ಡತನವನ್ನು ನಿಂದಿಸಿಕೊಳ್ಳುತ್ತಾನೆ. ದೋಷವು ಬಾಗಿಲಿನದು ಎಂದು ನಾರ್ಮನ್ನರು ಸಾಧಿಸುತ್ತಾರೆ. ಭಾರತೀಯ ಕಾವ್ಯಮೀಮಾಂಸೆಯು ಸಹೃದಯನಿಂದ ಯೋಗ್ಯತೆಯನ್ನು ಬೇಡುತ್ತದೆ. ಕಾವ್ಯಾಭ್ಯಾಸದಿಂದ ಕನ್ನಡಿಯಂತೆ ನಿರ್ಮಲವಾದ ಮನಸ್ಸಿಲ್ಲದವನಿಗೆ ರಸವು ದಕ್ಕದು. ಈ ಹೊಸ ಶಾಸ್ತ್ರವು ಓದುಗನಿಂದ ಯಾವ ಯೋಗ್ಯತೆಯನ್ನೂ ಬೇಡದೆ, ಅದರ ಭಾರವನ್ನೆಲ್ಲ ರಚನೆಯ ಮೇಲೆ ಹೊರಿಸುತ್ತದೆ. ಕಾವ್ಯದ ವಿಷಯದಲ್ಲಿ ಇದು ಸಲ್ಲದಾದರೂ, ಪಿಂಚಣಿಯ ಅರ್ಜಿಯ ವಿಷಯದಲ್ಲಿ ಇದೇ ಸರಿಯಾದ ನೀತಿ.

ಪರೀಕ್ಷೆಯ ಕ್ರಮವನ್ನೂ ಈ ಶಾಸ್ತ್ರಜ್ಞರು ಎಚ್ಚರಿಕೆಯಿಂದ ಕಟ್ಟಿದ್ದಾರೆ. ಐಬಿಎಂ ಸಂಸ್ಥೆಯಲ್ಲಿ ಕೆಲಸಮಾಡಿದ ಜಾನ್ ಗೂಲ್ಡ್ ಮತ್ತು ಕ್ಲೇಟನ್ ಲೂಯಿಸರು ೧೯೮೫ರಲ್ಲಿ ಮೂರು ಸೂತ್ರಗಳನ್ನು ಹೇಳಿದರು: ಬಳಸುವವರನ್ನೂ ಅವರ ಕೆಲಸವನ್ನೂ ಆರಂಭದಲ್ಲಿಯೇ ಅರಿಯಬೇಕು; ಅವರು ಬಳಸುವುದನ್ನು ಕಣ್ಣಾರೆ ನೋಡಿ ಅಳೆಯಬೇಕು; ಕಂಡ ದೋಷವನ್ನು ತಿದ್ದಿ ಮತ್ತೆ ಪರೀಕ್ಷಿಸಬೇಕು. ಕೆಲಸ ಮಾಡುತ್ತಿರುವವನು ತನ್ನ ಮನಸ್ಸಿನಲ್ಲಿ ಬಂದುದನ್ನೆಲ್ಲ ಗಟ್ಟಿಯಾಗಿ ಆಡುತ್ತ ಹೋಗಲಿ ಎಂಬ ವಿಧಾನಕ್ಕೆ ಎರಿಕ್‌ಸನ್ ಮತ್ತು ಸೈಮನ್ನರ ೧೯೮೪ರ ಗ್ರಂಥವು ಶಾಸ್ತ್ರೀಯವಾದ ಆಧಾರವನ್ನು ಕೊಟ್ಟಿತು. ೧೯೮೭ರಲ್ಲಿ ಲೂಸಿ ಸಚ್‌ಮನ್ನರು ಜೆರಾಕ್ಸ್ ಸಂಸ್ಥೆಯ ಪ್ರತಿಯಂತ್ರವನ್ನು ಬಳಸುವವರನ್ನು ನೋಡಿ ಒಂದು ಮುಖ್ಯವಾದ ಮಾತನ್ನು ತೋರಿಸಿದರು. ಯಂತ್ರದ ಮುಂದೆ ನಿಂತವರು ತಮ್ಮತಮ್ಮೊಳಗೆ ಎಷ್ಟೋ ಮಾತನಾಡುತ್ತಾರೆ, ಸಂದೇಹಪಡುತ್ತಾರೆ, ಊಹಿಸುತ್ತಾರೆ. ಇದಾವುದೂ ಯಂತ್ರಕ್ಕೆ ಕೇಳಿಸದು. ಗುಂಡಿ ಒತ್ತಿದುದೊಂದೇ ಅದಕ್ಕೆ ತಿಳಿಯುವುದು. ಆದುದರಿಂದ ಯಂತ್ರಕ್ಕೂ ಮನುಷ್ಯನಿಗೂ ನಡೆಯುವ ಸಂವಾದದಲ್ಲಿ ಒಬ್ಬನು ಅರೆಗಿವುಡ. ಆಡುವ ಮಾತು ಬಹು ಸ್ಪಷ್ಟವಾಗಿರಬೇಕಾದುದು ಈ ಕಾರಣದಿಂದಲೇ.

ಯಾಕೊಬ್ ನೀಲ್ಸನ್ನರು ೧೯೯೪ರಲ್ಲಿ ಹತ್ತು ಲಕ್ಷಣಗಳ ಪಟ್ಟಿಯನ್ನು ಸಿದ್ಧಪಡಿಸಿದರು. ಅವುಗಳಲ್ಲಿ ಎರಡನೆಯದು, ಪರದೆಯು ಬಳಸುವವರ ಭಾಷೆಯಲ್ಲಿ ಮಾತನಾಡಬೇಕು ಎಂಬುದು. ಯಂತ್ರಜ್ಞರ ಒಳಮಾತನ್ನು ಬಿಟ್ಟು ಜನಕ್ಕೆ ಪರಿಚಿತವಾದ ಪದಗಳನ್ನು ಹಿಡಿಯಬೇಕೆಂದು ಇದರ ತಾತ್ಪರ್ಯ. ಈ ಸೂತ್ರವನ್ನು ಪದಗಳ ಆಯ್ಕೆಗೆ ಮಾತ್ರ ಸಲ್ಲಿಸಿ, ವಾಕ್ಯದ ಕಟ್ಟಡಕ್ಕೆ ಸಲ್ಲಿಸದೆ ಹೋದುದೇ ಕನ್ನಡದ ಪರದೆಗಳಿಗೆ ಒದಗಿದ ತೊಂದರೆಯ ಮೂಲ.

೩

ಪರದೆಯ ಕನ್ನಡವು ಸಾಮಾನ್ಯವಾಗಿ ಹುಟ್ಟುವ ರೀತಿಯನ್ನು ಗಮನಿಸಬೇಕು. ಪರದೆಯನ್ನು ಮೊದಲು ಇಂಗ್ಲಿಷಿನಲ್ಲಿ ಕಟ್ಟುತ್ತಾರೆ. ಪರೀಕ್ಷೆಗಳೆಲ್ಲ ಆ ರೂಪದ ಮೇಲೆಯೇ ನಡೆಯುತ್ತವೆ. ಆಮೇಲೆ ಅದರ ಮಾತುಗಳನ್ನೆಲ್ಲ ಕಿತ್ತು ಒಂದು ಕೋಷ್ಟಕದಲ್ಲಿ ಬರೆದು ಭಾಷಾಂತರಕಾರನಿಗೆ ಕೊಡುತ್ತಾರೆ. ಅವನ ಮುಂದೆ ಪರದೆಯಿಲ್ಲ. ಮಾತುಗಳ ಸಾಲು ಮಾತ್ರ ಇದೆ. ‘ಓಪನ್’ ಎಂಬ ಮಾತು ‘ತೆರೆ’ ಎಂಬ ವಿಧಿಯೋ ‘ತೆರೆದಿದೆ’ ಎಂಬ ಸ್ಥಿತಿಯೋ, ‘ಆರ್ಡರ್’ ಎಂಬುದು ಆಜ್ಞೆಯೋ ಅನುಕ್ರಮವೋ ಅಂಗಡಿಯ ಬೇಡಿಕೆಯೋ, ಅವನಿಗೆ ತಿಳಿಯದು. ಪ್ರಕರಣವನ್ನು ಮರೆಮಾಡಿ ಶಬ್ದಾರ್ಥವನ್ನು ಕೇಳಿದರೆ ಎಂಥ ವಿದ್ವಾಂಸನೂ ತಪ್ಪುವನು.

ಒಂದು ಗುಂಡಿಯ ಮೇಲಿನ ಕ್ರಿಯಾಪದವನ್ನು ತೆಗೆದುಕೊಂಡು ನೋಡಬಹುದು. ‘ಸೇವ್’ ಎಂಬ ಇಂಗ್ಲಿಷ್ ಧಾತುವಿಗೆ ಕನ್ನಡದ ಪರದೆಗಳಲ್ಲಿ ‘ಉಳಿಸು’ ಎಂದೂ ‘ಉಳಿಸಿ’ ಎಂದೂ ಎರಡು ರೂಪಗಳು ಕಂಡುಬರುತ್ತವೆ. ಕೆಲವೊಮ್ಮೆ ಒಂದೇ ಪರದೆಯಲ್ಲಿ ಒಂದು ಗುಂಡಿಗೆ ಏಕವಚನ, ಪಕ್ಕದ ಗುಂಡಿಗೆ ಬಹುವಚನ. ಇದನ್ನು ಬರೆಹಗಾರನ ಅಜಾಗರೂಕತೆಯೆಂದು ತಳ್ಳಿಹಾಕುವಂತಿಲ್ಲ. ಇದರ ಹಿಂದೆ ತೀರ್ಮಾನವಾಗದ ಒಂದು ಪ್ರಶ್ನೆಯಿದೆ: ಗುಂಡಿಯ ಮೇಲಿನ ಮಾತು ಯಾರದು? ಅದು ಮನುಷ್ಯನು ಯಂತ್ರಕ್ಕೆ ಕೊಡುವ ಆಜ್ಞೆಯಾದರೆ ‘ಉಳಿಸು’ ಎಂಬ ಏಕವಚನವೇ ಉಚಿತ. ಯಂತ್ರವನ್ನು ಬಹುವಚನದಿಂದ ಮನ್ನಿಸುವ ಅಗತ್ಯವಿಲ್ಲ. ಅದು ಯಂತ್ರವು ಮನುಷ್ಯನಿಗೆ ಹೇಳುವ ಸೂಚನೆಯಾದರೆ ‘ಉಳಿಸಿರಿ’ ಎಂದೇ ಇರಬೇಕು. ಇಲ್ಲದಿದ್ದರೆ ವಯಸ್ಸಾದವರನ್ನು ಏಕವಚನದಿಂದ ಕರೆದಂತಾಗುವುದು. ಇಂಗ್ಲಿಷಿನ ಧಾತುವಿಗೆ ಈ ಭೇದವಿಲ್ಲ. ಅಲ್ಲಿಯ ವಿನ್ಯಾಸಕಾರರು ಈ ಪ್ರಶ್ನೆಗೆ ಉತ್ತರ ಕೊಡದೆಯೇ ಸಾಗಬಹುದು. ಕನ್ನಡದ ಪ್ರತ್ಯಯವು ಉತ್ತರವಿಲ್ಲದೆ ಹತ್ತದು.

ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. ‘ಉಳಿಸಿ’ ಎಂಬ ಹ್ರಸ್ವರೂಪವು ಗೌರವದ ವಿಧಿಯೂ ಹೌದು, ‘ಉಳಿಸಿದ ಬಳಿಕ’ ಎಂಬರ್ಥದ ಕೃದಂತಾವ್ಯಯವೂ ಹೌದು. ‘ಉಳಿಸಿ ಮುಂದುವರಿಯಿರಿ’ ಎಂಬಲ್ಲಿ ಎರಡನೆಯ ಅರ್ಥ. ಒಂಟಿಯಾಗಿ ನಿಂತಾಗ ಮೊದಲನೆಯದು. ಸಣ್ಣ ಗುಂಡಿಯಲ್ಲಿ ವಾಕ್ಯದ ನೆರವಿಲ್ಲದೆ ನಿಂತ ಪದವು ಅಪೂರ್ಣವಾಗಿ ತೋರುವುದೂ ಉಂಟು. ಗುಂಡಿಗೆ ಧಾತುರೂಪವೂ, ಯಂತ್ರದ ಸೂಚನೆಗೆ ‘ಇರಿ’ ಪ್ರತ್ಯಯಾಂತವಾದ ಪೂರ್ಣರೂಪವೂ ಇರಲಿ ಎಂಬುದು ವ್ಯಾಕರಣದ ದೃಷ್ಟಿಯಿಂದ ಶುದ್ಧವಾದ ವ್ಯವಸ್ಥೆ. ಆದರೆ ಗುಂಡಿಯ ಮಾತನ್ನು ತನ್ನ ಮಾತೆಂದು ಓದುಗನು ಗ್ರಹಿಸುವನೋ ಅಥವಾ ತನಗೆ ಹೇಳಿದುದೆಂದು ತಿಳಿದು ಮುಖ ಸಿಂಡರಿಸುವನೋ ಎಂಬುದನ್ನು ವ್ಯಾಕರಣವು ಹೇಳಲಾರದು. ಅದನ್ನು ಪರೀಕ್ಷೆಯೇ ಹೇಳಬೇಕು. ವೈಯಾಕರಣನು ಸಂದೇಹದ ಎಡೆಯನ್ನು ತೋರಿಸುತ್ತಾನೆ. ಅನುಭವಶಾಸ್ತ್ರಜ್ಞನು ಅದನ್ನು ಬಗೆಹರಿಸುತ್ತಾನೆ. ಇವರಿಬ್ಬರೂ ಈವರೆಗೆ ಒಂದೆಡೆ ಕುಳಿತುದು ವಿರಳ.

‘ತೆಗೆ’ ಎಂಬ ಧಾತುವಿನ ವಿಷಯವು ಇನ್ನೂ ಗಂಭೀರವಾದುದು. ‘ಬಾಗಿಲು ತೆಗೆ’ ಎಂದರೆ ತೆರೆಯುವುದು. ‘ಕಸ ತೆಗೆ’ ಎಂದರೆ ಹೊರಹಾಕುವುದು. ಮನೆಮಾತಿನಲ್ಲಿ ಕರ್ಮಪದವೇ ಅರ್ಥವನ್ನು ನಿಶ್ಚಯಿಸುವುದರಿಂದ ಯಾವ ತೊಡಕೂ ಇಲ್ಲ. ಆದರೆ ‘ಕಡತ ತೆಗೆ’ ಎಂದು ಬರೆದರೆ ಕಡತವನ್ನು ಬಿಚ್ಚಿ ತೋರಿಸುವುದೋ, ಇಲ್ಲವಾಗಿಸುವುದೋ? ಎರಡೂ ಕನ್ನಡವೇ, ಎರಡೂ ಶುದ್ಧವೇ. ನಾರ್ಮನ್ನರ ಬಾಗಿಲು ತಪ್ಪು ದಿಕ್ಕಿಗೆ ತಳ್ಳಿಸುತ್ತಿತ್ತು, ಅಷ್ಟೆ. ಈ ಬಾಗಿಲನ್ನು ತಪ್ಪಾಗಿ ತೆಗೆದವನಿಗೆ ಒಳಗಿನ ಸಾಮಾನೇ ಹೋಗಬಹುದು. ‘ತೆರೆ’ ಎಂಬುದಕ್ಕೂ ‘ಅಳಿಸು’ ಎಂಬುದಕ್ಕೂ ಗೊಂದಲವಿಲ್ಲವಾದುದರಿಂದ ಅವೇ ಗ್ರಾಹ್ಯ. ನಿಘಂಟಿನಲ್ಲಿ ಒಂದೊಂದೇ ಶಬ್ದವನ್ನು ನೋಡಿ ಆರಿಸುವವನಿಗೆ ಈ ಅಪಾಯವು ಕಾಣಿಸದು.

೪

ವಾಕ್ಯದ ಅಂತ್ಯವನ್ನು ಕುರಿತ ದೋಷವು ಎರಡನೆಯದು. ಪರದೆಯಲ್ಲಿ ಸ್ಥಳವು ಸಾಲದೆ ಹೋದರೆ ವಾಕ್ಯವನ್ನು ನಡುವೆ ಕತ್ತರಿಸಿ ಮೂರು ಚುಕ್ಕಿಗಳನ್ನು ಇಡುವುದು ವಾಡಿಕೆ. ಇಂಗ್ಲಿಷಿನಲ್ಲಿ ನಿಷೇಧವು ಕ್ರಿಯೆಗಿಂತ ಮೊದಲು ಬರುವುದರಿಂದ ಬಾಲವು ಕತ್ತರಿಸಿದರೂ ಬೇಡವೆಂಬುದು ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಕನ್ನಡದಲ್ಲಿ ಕಾಲ, ಪುರುಷ, ವಚನ, ನಿಷೇಧ ಎಲ್ಲವೂ ಕ್ರಿಯಾಪದದ ತುದಿಯಲ್ಲಿವೆ. ಕ್ರಿಯಾಪದವು ವಾಕ್ಯದ ತುದಿಯಲ್ಲಿದೆ. ‘ಈ ಕಡತವನ್ನು ಮರಳಿ ಪಡೆಯಲಾಗುವುದಿಲ್ಲ’ ಎಂಬ ಎಚ್ಚರಿಕೆಯ ಮಾತನ್ನು ‘ಈ ಕಡತವನ್ನು ಮರಳಿ ಪಡೆಯಲಾಗುವು…’ ಎಂದು ಕತ್ತರಿಸಿದರೆ, ಉಳಿದ ಭಾಗವು ‘ಪಡೆಯಲಾಗುವುದು’ ಎಂಬ ಅಭಯದ ಮಾತಿಗೂ ಸಮಾನವಾಗಿ ಸಲ್ಲುತ್ತದೆ. ಎಚ್ಚರಿಸಲು ಬರೆದ ವಾಕ್ಯವು ಧೈರ್ಯ ಹೇಳುವ ವಾಕ್ಯವಾಗಿ ಪರಿಣಮಿಸುವ ಇಂಥ ವಿಪರ್ಯಾಸವು ಇಂಗ್ಲಿಷ್ ಪರದೆಯ ಮೇಲೆ ಎಷ್ಟು ಪರೀಕ್ಷೆ ನಡೆಸಿದರೂ ಹೊರಬೀಳದು.

ಇದಕ್ಕೆ ಪರಿಹಾರವು ಕನ್ನಡದಲ್ಲಿಯೇ ಇದೆ. ‘ದೊರೆಯದು’, ‘ಆಗದು’, ‘ಬಾರದು’ ಎಂಬ ನಿಷೇಧರೂಪಗಳು ಹಳಗನ್ನಡದಿಂದ ಬಂದ ಸಂಪತ್ತು. ‘ಇಲ್ಲ’ ಎಂಬ ಬೇರೆ ಪದದ ಹಂಗಿಲ್ಲದೆ ಕ್ರಿಯೆಯೊಳಗೇ ನಿಷೇಧವನ್ನು ಅಡಗಿಸಿಕೊಂಡಿವೆ. ‘ಪಡೆಯಲಾಗುವುದಿಲ್ಲ’ ಎಂಬಲ್ಲಿ ಎಂಟು ಅಕ್ಷರಗಳಿವೆ. ‘ದೊರೆಯದು’ ಎಂಬಲ್ಲಿ ನಾಲ್ಕು. ‘ಅಳಿಸಿದರೆ ಮತ್ತೆ ದೊರೆಯದು’ ಎಂಬ ವಾಕ್ಯವು ಮೊದಲಿನದಕ್ಕಿಂತ ಚಿಕ್ಕದು, ಸ್ಪಷ್ಟವಾದುದು, ಹಳ್ಳಿಯವರಿಗೂ ಪರಿಚಿತವಾದುದು. ‘ಲಾಗುವುದಿಲ್ಲ’, ‘ಲಾಗಿದೆ’ ಎಂಬ ಕರ್ಮಣಿಪ್ರಯೋಗದ ಬಾಲಗಳು ಕಚೇರಿಯ ಕಾಗದಗಳಿಂದ ಪರದೆಗೆ ಬಂದಂಥವು. ಕರ್ತೃವನ್ನು ಮರೆಮಾಡುವುದಕ್ಕೆ ಕಚೇರಿಗೆ ಅವು ಉಪಯುಕ್ತವಾಗಿರಬಹುದು. ಪರದೆಗೆ ಅವುಗಳಿಂದ ಲಾಭವಿಲ್ಲ.

ಸ್ಥಳದ ಲೆಕ್ಕದಲ್ಲಿಯೂ ಕನ್ನಡಕ್ಕೆ ನ್ಯಾಯವು ದೊರೆತಿಲ್ಲ. ಯುನಿಕೋಡ್ ಸಂಕೇತವ್ಯವಸ್ಥೆಯು ೧೯೯೧ರಲ್ಲಿ ಹೊರಟಾಗಲೇ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ವಿಭಾಗವನ್ನು ಮೀಸಲಿಟ್ಟಿತು. ಇದು ಮಹೋಪಕಾರವೇ ಸರಿ. ಆದರೆ ಅದರಲ್ಲಿ ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಮೂರು ವ್ಯಂಜನ, ಎರಡು ಹಲಂತಚಿಹ್ನೆ, ಒಂದು ಸ್ವರಚಿಹ್ನೆ ಸೇರಿ ಆರು ಸಂಕೇತಗಳಾಗುತ್ತವೆ. ಹೆಸರು ಬರೆಯುವ ಚೌಕದಲ್ಲಿ ಇಪ್ಪತ್ತು ಅಕ್ಷರಗಳ ಮಿತಿಯೆಂದು ಹೇಳಿ ಸಂಕೇತಗಳನ್ನು ಎಣಿಸುವ ಯಂತ್ರವು ಒತ್ತಕ್ಷರಗಳುಳ್ಳ ಹೆಸರಿನವರನ್ನು ಅರ್ಧದಲ್ಲಿಯೇ ನಿಲ್ಲಿಸಿಬಿಡುವುದು. ಅಂತೆಯೇ ಇಂಗ್ಲಿಷಿನ ಅಕ್ಷರದ ಎತ್ತರಕ್ಕೆ ಅಳೆದ ಪಟ್ಟಿಯಲ್ಲಿ ಕನ್ನಡದ ಒತ್ತುಗಳು ಕೆಳಗೆ ಮರೆಯಾಗುವುದುಂಟು. ತಕಾರದ ಒತ್ತು ಪೂರ್ತಿಯಾಗಿ ಮರೆಯಾದರೆ ‘ಕತ್ತೆ’ಯು ‘ಕತೆ’ಯಾಗುವುದು. ವಿನೋದಕ್ಕೆ ಇದು ಚೆನ್ನ. ಹತ್ತರ ಮೊಬಲಗನ್ನೋ ಊರಿನ ಹೆಸರನ್ನೋ ಓದುವಾಗ ವಿನೋದವೆನಿಸದು.

೫

ಮೂರನೆಯ ದೋಷವು ವಿಭಕ್ತಿಗೆ ಸಂಬಂಧಪಟ್ಟುದು. ಪರದೆಯ ವಾಕ್ಯಗಳಲ್ಲಿ ಹಲವು ಅಚ್ಚಿನಲ್ಲಿ ಎರೆದಂಥವು. ನಡುವೆ ಒಂದು ಖಾಲಿ ಸ್ಥಳವಿದ್ದು, ಅಲ್ಲಿ ಸಮಯಕ್ಕೆ ತಕ್ಕ ಹೆಸರು ಬಂದು ಕೂರುತ್ತದೆ. ಇಂಗ್ಲಿಷಿನಲ್ಲಿ ನಾಮಪದವು ವಿಕಾರಹೊಂದದೆ ಕೂರುವುದರಿಂದ ತೊಂದರೆಯಿಲ್ಲ. ಕನ್ನಡದಲ್ಲಿ ದ್ವಿತೀಯೆಗೆ ‘ರಾಮನನ್ನು’, ‘ಗಿರಿಯನ್ನು’, ‘ಗುರುವನ್ನು’, ‘ಮರವನ್ನು’ ಎಂದು ಆಗಮವು ಬೇರೆಬೇರೆ. ಚತುರ್ಥಿಗೆ ‘ರಾಮನಿಗೆ’, ‘ಸೀತೆಗೆ’, ‘ಗುರುವಿಗೆ’, ‘ಮರಕ್ಕೆ’ ಎಂದು ರೂಪವೇ ಬೇರೆಬೇರೆ. ಯಂತ್ರಕ್ಕೆ ಈ ಸಂಧಿಜ್ಞಾನವಿಲ್ಲವೆಂದು ‘ಪುಸ್ತಕ ಅನ್ನು ಅಳಿಸಲಾಗಿದೆ’ ಎಂದು ಪ್ರತ್ಯಯವನ್ನು ಪ್ರಕೃತಿಯಿಂದ ಬಿಡಿಸಿ ಇಡುವುದು ರೂಢಿಯಾಗಿದೆ. ಒಂಟಿಯಾಗಿ ನಿಂತ ಈ ‘ಅನ್ನು’ವು ಯಂತ್ರಗನ್ನಡದ ಹಣೆಯ ಮೇಲಿನ ಮುದ್ರೆಯೆನ್ನಬಹುದು. ಪ್ರತಿದಿನವೂ ಇದನ್ನೇ ಓದುವ ಮಕ್ಕಳು ತಮ್ಮ ಬರಹದಲ್ಲಿಯೂ ಪ್ರತ್ಯಯವನ್ನು ಬಿಡಿಸಿ ಬರೆಯತೊಡಗಿದರೆ ಅಧ್ಯಾಪಕರು ಆಶ್ಚರ್ಯಪಡಬೇಕಾಗಿಲ್ಲ.

ಇದು ಅನಿವಾರ್ಯವೆಂದು ಹೇಳುವವರುಂಟು. ಅದು ನಿಜವಲ್ಲ. ಅಪರಿಚಿತವಾದ ಹೆಸರನ್ನು ವಿಕಾರಗೊಳಿಸದೆ ವಾಕ್ಯದಲ್ಲಿ ಕೂರಿಸುವ ಉಪಾಯವನ್ನು ಕನ್ನಡವು ಬಹುಕಾಲದಿಂದ ಬಲ್ಲುದು. ‘ಎಂಬ’ ಎಂಬ ಪದವೇ ಆ ಉಪಾಯ. ‘ವರದಿ ಎಂಬ ಕಡತವನ್ನು ಅಳಿಸಿದೆ’ ಎಂದರೆ ಖಾಲಿ ಸ್ಥಳದಲ್ಲಿ ಯಾವ ಹೆಸರು ಬಂದರೂ ವಿಭಕ್ತಿಯು ‘ಕಡತ’ಕ್ಕೆ ಹತ್ತುವುದು, ಹೆಸರು ಮುಕ್ಕಾಗದು. ವ್ಯಕ್ತಿಗಳ ಹೆಸರಿಗೆ ‘ಅವರು’ ಎಂಬ ಗೌರವವಾಚಕವಿದೆ. ಅದನ್ನು ಸೇರಿಸಿ ‘ಅವರಿಗೆ’, ‘ಅವರನ್ನು’, ‘ಅವರಿಂದ’ ಎಂದರೆ ವಿಭಕ್ತಿಯ ತೊಡಕೂ ಲಿಂಗದ ತೊಡಕೂ ಏಕವಚನದ ಅಗೌರವವೂ ಒಂದೇ ಏಟಿಗೆ ತಪ್ಪುವುವು. ಆಹ್ವಾನಪತ್ರಿಕೆ ಬರೆಯುವ ಪ್ರತಿಯೊಬ್ಬನಿಗೂ ಗೊತ್ತಿರುವ ಈ ಉಪಾಯವು ಕೋಷ್ಟಕದ ಭಾಷಾಂತರದಲ್ಲಿ ಹೊಳೆಯದಿರುವುದಕ್ಕೆ ಕಾರಣವು ಸ್ಪಷ್ಟ: ಅಲ್ಲಿ ವಾಕ್ಯವನ್ನು ಬರೆಯುವುದಿಲ್ಲ, ಇಂಗ್ಲಿಷ್ ವಾಕ್ಯದ ಭಾಗಗಳಿಗೆ ಕನ್ನಡದ ಭಾಗಗಳನ್ನು ಒಂದೊಂದಾಗಿ ಜೋಡಿಸುತ್ತಾರೆ.

ಪ್ರಶ್ನೋತ್ತರಗಳ ವಿಷಯವೂ ಹೀಗೆಯೇ. ‘ಅಳಿಸಬೇಕೇ?’ ಎಂಬ ಪ್ರಶ್ನೆಯ ಕೆಳಗೆ ‘ಹೌದು’, ‘ಇಲ್ಲ’ ಎಂಬ ಎರಡು ಗುಂಡಿಗಳು. ಕನ್ನಡಿಗನು ‘ಬೇಕೇ?’ ಎಂಬುದಕ್ಕೆ ‘ಬೇಕು’ ಅಥವಾ ‘ಬೇಡ’ ಎನ್ನುವನು, ‘ಇದೆಯೇ?’ ಎಂಬುದಕ್ಕೆ ‘ಇದೆ’ ಅಥವಾ ‘ಇಲ್ಲ’. ‘ಇದು ಅದೇ ಅಲ್ಲವೆ?’ ಎಂಬುದಕ್ಕೆ ‘ಹೌದು’ ಅಥವಾ ‘ಅಲ್ಲ’. ಇಲ್ಲ, ಅಲ್ಲ, ಬೇಡ, ಆಗದು, ಕೂಡದು ಎಂದು ನಿಷೇಧವನ್ನು ಇಷ್ಟು ವಿಂಗಡಿಸಿಕೊಂಡ ಭಾಷೆಗೆ ಒಂದೇ ‘ಇಲ್ಲ’ವನ್ನು ಎಲ್ಲೆಡೆ ಅಂಟಿಸುವುದು ಕಣ್ಣಿಗೆ ಕಾಣುವ ಬಡತನ. ಗುಂಡಿಯ ಮೇಲೆ ಬರಿಯ ಅಸ್ತಿನಾಸ್ತಿಗಳನ್ನು ಬರೆಯದೆ ನಡೆಯಲಿರುವ ಕ್ರಿಯೆಯನ್ನೇ ಬರೆಯಬೇಕೆಂದು ಈ ಶಾಸ್ತ್ರದ ಕೈಪಿಡಿಗಳೂ ಹೇಳುತ್ತವೆ. ‘ಅಳಿಸು’, ‘ಇರಲಿ ಬಿಡು’ ಎಂದು ಎರಡು ಗುಂಡಿಗಳಿದ್ದರೆ ಪ್ರಶ್ನೆಯನ್ನು ಓದದವನೂ ತಪ್ಪು ಮಾಡನು.

ಎಲ್ಲಕ್ಕಿಂತ ಹೆಚ್ಚಿನ ಅಪಾಯವು ಸಮಾಸದಲ್ಲಿದೆ. ಸಮಾಸವು ವಿಭಕ್ತಿಯನ್ನು ನುಂಗುತ್ತದೆ. ವಿಭಕ್ತಿಯು ಹೋದರೆ ಕಾರಕಸಂಬಂಧವು ಮರೆಯಾಗುತ್ತದೆ. ‘ಹಣಕೋರಿಕೆ’ ಎಂಬ ಶೀರ್ಷಿಕೆಯ ಕೆಳಗೆ ‘ಅನುಮೋದಿಸಿ’ ಎಂಬ ಗುಂಡಿಯಿದ್ದರೆ, ಹಣವು ಬರುವುದೋ ಹೋಗುವುದೋ? ಕೋರಿದವರು ಯಾರು? ಯುಪಿಐ ಪದ್ಧತಿಯಲ್ಲಿ ಗುಪ್ತಸಂಖ್ಯೆಯನ್ನು ಒತ್ತುವುದು ಹಣ ಕೊಡುವುದಕ್ಕೆ. ಪಡೆಯುವುದಕ್ಕೆ ಅದು ಬೇಕಿಲ್ಲ. ಇದನ್ನು ಅರಿಯದವರಿಗೆ ಹಣ ಬರುವುದೆಂದು ನಂಬಿಸಿ ಸಂಖ್ಯೆಯನ್ನು ಒತ್ತಿಸುವುದು ವಂಚಕರ ಪರಿಚಿತವಾದ ಉಪಾಯ. ‘ನಿಮ್ಮ ಖಾತೆಯಿಂದ ಇವರಿಗೆ ೫೦೦ ರೂಪಾಯಿ ಹೋಗುವುದು’ ಎಂದು ಬರೆದಲ್ಲಿ ಪಂಚಮಿಯು ಅಪಾದಾನವನ್ನೂ ಚತುರ್ಥಿಯು ಸಂಪ್ರದಾನವನ್ನೂ ತೋರಿಸಿಕೊಟ್ಟು, ಹಣದ ದಿಕ್ಕು ನಿಸ್ಸಂದೇಹವಾಗುವುದು. ಕಾರಕಪ್ರಕರಣವನ್ನು ನೀರಸವೆಂದು ಬಗೆಯುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಪ್ರತ್ಯಕ್ಷವಾದ ಉದಾಹರಣೆಯನ್ನು ಕೊಡುವುದು ಕಷ್ಟ.

೬

ಇಷ್ಟರಿಂದ ಈ ಶಾಸ್ತ್ರವೇ ಕನ್ನಡಕ್ಕೆ ಒಗ್ಗದೆಂದು ಹೇಳುವುದು ಅವಿಚಾರವಾದೀತು. ಬಳಸುವವರ ಅರಿವಿನಿಂದ ಹೊರಟ ರಚನೆಗೆ ಕನ್ನಡದಲ್ಲಿಯೇ ಒಳ್ಳೆಯ ನಿದರ್ಶನವಿದೆ. ಕೆ. ಪಿ. ರಾವ್ ಅವರು ರೂಪಿಸಿದ, ಮುಂದೆ ಕರ್ನಾಟಕ ಸರ್ಕಾರದ ಮನ್ನಣೆಯನ್ನೂ ‘ನುಡಿ’ ತಂತ್ರಾಂಶದ ಆಶ್ರಯವನ್ನೂ ಪಡೆದ ಕೀಲಿಮಣೆಯು ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿಯೇ ಕನ್ನಡದ ವರ್ಣಮಾಲೆಯನ್ನು ಅಡಗಿಸಿತು. ಅದರ ಗುಣವು ಮಿತವ್ಯಯ ಮಾತ್ರವಲ್ಲ. ಅಲ್ಪಪ್ರಾಣ ಮಹಾಪ್ರಾಣಗಳು ಒಂದೇ ಕೀಲಿಯ ಎರಡು ಸ್ಥಿತಿಗಳಾಗಿವೆ. ವ್ಯಂಜನವನ್ನು ಒತ್ತಿದರೆ ಅಕಾರಸಹಿತವಾದ ಅಕ್ಷರವು ಮೂಡುವುದು. ಬೇರೆ ಸ್ವರವನ್ನು ಒತ್ತಿದರೆ ಗುಣಿತವಾಗುವುದು. ಒತ್ತಕ್ಷರಕ್ಕೆ ಒಂದು ಕೊಂಡಿಯ ಕೀಲಿಯಿದೆ. ಬಾಲ್ಯದಲ್ಲಿ ಕಾಗುಣಿತವನ್ನು ಕಲಿತವನ ತಲೆಯಲ್ಲಿ ಆಗಲೇ ಇದ್ದ ಕ್ರಮವನ್ನು ಬೆರಳಿಗೆ ತಂದುದೇ ಈ ರಚನೆಯ ಜಾಣ್ಮೆ. ಇದು ಭಾಷಾಂತರವಲ್ಲ, ಭಾಷೆಯ ಒಳಗಿನಿಂದ ಹೊರಟ ವಿನ್ಯಾಸ.

ಬೆಂಗಳೂರಿನಲ್ಲಿ ನಡೆದ ಇನ್ನೊಂದು ಪ್ರಯತ್ನವೂ ಸ್ಮರಣೀಯ. ಇಂದ್ರಾಣಿ ಮೇಧಿ ಮತ್ತು ಅವರ ಸಹೋದ್ಯೋಗಿಗಳು ಕೊಳೆಗೇರಿಗಳಲ್ಲಿ ವಾಸಿಸುತ್ತ ಮನೆಗೆಲಸ ಮಾಡುವ ಹೆಂಗಸರ ನಡುವೆ ನಡೆಸಿ ೨೦೦೬ರಲ್ಲಿ ಪ್ರಕಟಿಸಿದ ಸಂಶೋಧನೆಯು, ಓದುಬಾರದವರಿಗಾಗಿ ಅಕ್ಷರವಿಲ್ಲದ ಪರದೆಯನ್ನು ಚಿತ್ರಗಳಿಂದಲೂ ಧ್ವನಿಯಿಂದಲೂ ಕಟ್ಟಲು ಯತ್ನಿಸಿತು. ಅಲ್ಲಿ ಕಂಡುಬಂದ ಒಂದು ಸಂಗತಿಯು ವೈಯಾಕರಣರಿಗೆ ರುಚಿಸತಕ್ಕದ್ದು. ಪಾತ್ರೆಗಳ ಚಿತ್ರವನ್ನು ಬರೆದರೆ ನೋಡಿದವರಿಗೆ ವಸ್ತುವೋ ಸ್ಥಳವೋ ತೋರುತ್ತದೆ, ಕೆಲಸವು ತೋರದು. ಹರಿಯುವ ನೀರು, ಏಳುವ ಆವಿ ಮೊದಲಾದ ಚಲನೆಯ ಗುರುತುಗಳನ್ನು ಸೇರಿಸಿದಾಗ ಅದು ಕೆಲಸದ ಚಿತ್ರವೆಂದು ತಿಳಿಯುತ್ತದೆ. ಎಂದರೆ ಚಿತ್ರಭಾಷೆಯಲ್ಲಿಯೂ ನಾಮಪದಕ್ಕೂ ಕ್ರಿಯಾಪದಕ್ಕೂ ಭೇದವಿರಬೇಕು. ಕೋಣೆಯಲ್ಲಿ ಕುಳಿತ ವಿನ್ಯಾಸಕಾರನಿಗೆ ಇದು ತಾನಾಗಿ ಹೊಳೆಯುವಂಥದಲ್ಲ.

ಪರೀಕ್ಷೆಯ ವಿಧಾನವನ್ನೂ ಇಲ್ಲಿಯ ನಡವಳಿಕೆಗೆ ಒಗ್ಗಿಸಬೇಕಾಗಿದೆ. ಮನೆಗೆ ಬಂದು ಆದರದಿಂದ ಕೇಳುವವರ ಮುಂದೆ ಅವರ ವಸ್ತುವನ್ನು ಹಳಿಯುವುದು ಮರ್ಯಾದೆಯಲ್ಲವೆಂದು ಎಣಿಸುವ ಜನರಲ್ಲಿ ‘ನಿಮ್ಮ ಅಭಿಪ್ರಾಯವೇನು?’ ಎಂದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುವುದು. ಈ ತೊಡಕನ್ನು ಕಂಡ ಅಪಲಾ ಲಾಹಿರಿ ಚವಾಣ್ ಅವರು ಚಲನಚಿತ್ರದ ಕಥೆಯಂತಿರುವ ಒಂದು ಸಂಕಟದ ಸಂದರ್ಭವನ್ನು ಕಲ್ಪಿಸಿ, ಪರೀಕ್ಷೆಗೆ ಬಂದವರನ್ನು ಅದರ ಪಾತ್ರವಾಗಿಸಿ, ಆ ಆವೇಶದಲ್ಲಿ ಅವರ ನಿಜವಾದ ಮಾತನ್ನು ಹೊರಡಿಸುವ ಕ್ರಮವನ್ನು ಭಾರತದಲ್ಲಿ ಪ್ರಯೋಗಿಸಿದರು. ಮನಸ್ಸಿನ ಮಾತನ್ನು ಹೊರತರಲು ಕಥೆಯೇ ಸಾಧನವಾಯಿತೆಂಬುದು ಸಾಹಿತ್ಯಾಭ್ಯಾಸಿಗಳಿಗೆ ಸಂತೋಷವನ್ನು ಕೊಡತಕ್ಕ ವಿಷಯ.

೭

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಕನ್ನಡಿಗರಲ್ಲಿ ಅನೇಕರು ಪರದೆಯನ್ನು ಇಂಗ್ಲಿಷಿನಲ್ಲಿಯೇ ಇಟ್ಟುಕೊಳ್ಳುತ್ತಾರೆ, ಆದುದರಿಂದ ಈ ಶ್ರಮವು ವ್ಯರ್ಥ ಎಂಬುದು ಮೊದಲನೆಯದು. ಕನ್ನಡವು ಕೆಟ್ಟಿರುವಾಗ ಜನರು ಅದನ್ನು ಬಿಟ್ಟರೆಂಬುದು ಕನ್ನಡ ಬೇಡವೆಂಬುದಕ್ಕೆ ಪ್ರಮಾಣವಾಗದು. ತಳ್ಳಬೇಕೋ ಎಳೆಯಬೇಕೋ ತಿಳಿಯದ ಬಾಗಿಲನ್ನು ಬಿಟ್ಟು ಕಿಟಕಿಯಿಂದ ಹೋಗುವವರನ್ನು ನೋಡಿ ಬಾಗಿಲೇ ಬೇಡವೆಂದು ನಿರ್ಣಯಿಸಿದಂತಾದೀತು. ಇಂಗ್ಲಿಷನ್ನು ಅರಿಯದವರಿಗಂತೂ ಆ ಕಿಟಕಿಯೂ ಇಲ್ಲ. ವ್ಯಾಕರಣಶುದ್ಧಿಯ ಹಠದಿಂದ ಜನಕ್ಕೆ ತಿಳಿಯದ ಪಂಡಿತರ ಪದಗಳು ಬಂದು ಸೇರುವುವು ಎಂಬುದು ಎರಡನೆಯದು. ಈ ಭಯವು ನಿರಾಧಾರವಲ್ಲ. ‘ಪಾಸ್‌ವರ್ಡ್’ ಎಂಬುದನ್ನು ಜನರು ಬಲ್ಲವರಾಗಿರುವಾಗ ಅದನ್ನು ಕಿತ್ತು ಹೊಸ ಸಮಾಸವನ್ನು ನೆಡುವುದು ಅನಾವಶ್ಯಕ. ಆದರೆ ಪ್ರಕೃತ ವಿಚಾರವು ಪದಗಳ ಮಡಿಮೈಲಿಗೆಯನ್ನು ಕುರಿತುದಲ್ಲ. ‘ಪಾಸ್‌ವರ್ಡ್ ಮರೆತಿರಾ?’ ಎಂಬುದು ಅನ್ಯದೇಶ್ಯವನ್ನು ಒಳಗೊಂಡೂ ಸಹಜವಾದ ಕನ್ನಡ ವಾಕ್ಯ. ‘ಗುಪ್ತಪದ ಅನ್ನು ನಮೂದಿಸಲಾಗಿಲ್ಲ’ ಎಂಬುದು ಪದಗಳು ಶುದ್ಧವಾಗಿದ್ದೂ ಕನ್ನಡವಾಗದ ವಾಕ್ಯ.

ಮಾಡಬೇಕಾದ ಕೆಲಸವು ದೊಡ್ಡದೇನಲ್ಲ. ಪರದೆಯ ವಾಕ್ಯವನ್ನು ಕೋಷ್ಟಕದಲ್ಲಿ ಭಾಷಾಂತರಿಸದೆ ಪರದೆಯನ್ನು ಮುಂದಿಟ್ಟುಕೊಂಡು ಕನ್ನಡದಲ್ಲಿಯೇ ರಚಿಸಬೇಕು. ಹಾಗೆ ರಚಿಸಿದುದನ್ನು ಕನ್ನಡ ಓದುವವರ ಕೈಯಲ್ಲಿ ಕೊಟ್ಟು ಪರೀಕ್ಷಿಸಬೇಕು. ಒಬ್ಬ ಬಳಕೆದಾರನು ಸರಾಸರಿ ೩೧ ಶೇಕಡಾ ದೋಷಗಳನ್ನು ಹೊರಗೆಡಹಿದರೆ ಐವರು ಸುಮಾರು ೮೫ ಶೇಕಡಾ ದೋಷಗಳನ್ನು ತೋರಿಸಿಕೊಡುವರೆಂಬುದು, ೧೯೯೩ರಲ್ಲಿ ಲ್ಯಾಂಡವರರೊಡನೆ ಮಾಡಿದ ಗಣನೆಯನ್ನು ಆಧರಿಸಿ ನೀಲ್ಸನ್ನರು ಪ್ರಸಿದ್ಧಿಗೆ ತಂದ ಮಾತು. ಆದರೆ ಆ ಐವರು ಯಾರು? ಬಳಸುವವರಲ್ಲಿ ಬೇರೆಬೇರೆ ವರ್ಗಗಳಿದ್ದರೆ ಒಂದೊಂದು ವರ್ಗವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕೆಂದು ನೀಲ್ಸನ್ನರೇ ಒಪ್ಪಿದ್ದಾರೆ. ಬಳಕೆಯ ಸುಗಮತೆಯನ್ನು ನಿರೂಪಿಸುವ ಅಂತರರಾಷ್ಟ್ರೀಯ ಮಾನಕವೂ ೧೯೯೮ರ ತನ್ನ ಮೊದಲ ರೂಪದಿಂದ ೨೦೧೮ರ ಪರಿಷ್ಕರಣದವರೆಗೆ, ನಿರ್ದಿಷ್ಟ ಜನರು ನಿರ್ದಿಷ್ಟ ಸಂದರ್ಭದಲ್ಲಿ ತಮ್ಮ ಗುರಿಯನ್ನು ಮುಟ್ಟುವುದನ್ನೇ ಅಳತೆಯಾಗಿ ಇಟ್ಟುಕೊಂಡಿದೆ. ಆದುದರಿಂದ ಮೈಸೂರಿನ ಐವರು ಒಪ್ಪಿದ ಮಾತು ಧಾರವಾಡ, ಕಲಬುರಗಿ, ಮಂಗಳೂರುಗಳ ಐವರಿಗೂ ತಿಳಿಯುವುದೆಂದು ಪರೀಕ್ಷಿಸದೆ ಹೇಳುವುದು ಈ ಶಾಸ್ತ್ರದ ಮಾತಿಗೇ ವಿರುದ್ಧ.

ಈ ಪರೀಕ್ಷೆಗೆ ಬೇಕಾದುದು ಒಂದು ಪರದೆ, ಐವರು ಓದುಗರು, ಅವರು ಓದುತ್ತ ಆಡುವ ಮಾತನ್ನು ತಾಳ್ಮೆಯಿಂದ ಕೇಳಿ ಬರೆದುಕೊಳ್ಳುವ ಒಬ್ಬರು. ಕನ್ನಡ ಅಧ್ಯಾಪಕರು ತರಗತಿಯಲ್ಲಿ ಪದ್ಯವನ್ನು ಓದಿಸಿ, ವಿದ್ಯಾರ್ಥಿಯು ಎಲ್ಲಿ ಎಡವಿದನೆಂದು ಗಮನಿಸುವಾಗ ಮಾಡುವುದೂ ಇದನ್ನೇ. ವಿಭಕ್ತಿ, ಕಾರಕ, ವಿಧಿ, ನಿಷೇಧಗಳನ್ನು ಪಾಠಹೇಳುವವರು ವರ್ಷಕ್ಕೊಂದು ಬಾರಿ ಪಿಂಚಣಿಯದೋ ಪಹಣಿಯದೋ ಬ್ಯಾಂಕಿನದೋ ಪರದೆಯೊಂದನ್ನು ಪಾಠವಾಗಿ ಎತ್ತಿಕೊಂಡು, ದೊರೆತ ದೋಷಗಳನ್ನು ಪಟ್ಟಿಮಾಡಿ, ಅದನ್ನು ಕಟ್ಟಿದವರಿಗೆ ತಲಪಿಸಿದರೆ ವ್ಯಾಕರಣಕ್ಕೂ ವ್ಯವಹಾರಕ್ಕೂ ಪ್ರಯೋಜನವಾದೀತು.